ಸಿಟ್ಟಿನಲ್ಲಿ ನೇಯ್ದ ಚಾದರ

“ನಿಮ್ಮ ಮಾವ ಮುಂಡರಗಿ ಸಂತ್ಯಾಗ ಎಮ್ಮಿ ಅಂತ ಕೋಣ ಕೊಂಡು ತಂದಾನಂತಲ್ಲಲೇ, ಹಾಲು ಎಷ್ಟು ಕೊಡ್ತೈತಿ?”

“ನಮ್ಮ ಮಾವನ ಸುದ್ದಿ ತಗದೀ ಅಂದ್ರ ಹಲ್ಲು ಉದುರಿಸ್ತೀನಿ ನೋಡು!”

ಸಕ್ರಪ್ಪ ಮಗ್ಗಕ್ಕೆ ಕುಳಿತವನೇ ಮಾವನ ಮಾನ ಉಳಿಸುವವನಂತೆ ಹಣಿಗೆಯನ್ನು ಧಡ್ ಧಡ್ ಬಡಿದ. ಹಾಗೆ ಕೆಣಕಿದ್ದ ಮುಕ್ಕಾದಮ ದೇವೇಂದ್ರಪ್ಪ, ನೇಕಾರರ ಮೇಲ್ವಿಚಾರಕ, ಮೀಸೆಯಲ್ಲೇ ನಕ್ಕ.

ಬೆಟಗೇರಿಯ ಆ ನೇಕಾರ ಸಂಘದಲ್ಲಿ ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು ಅದು. ಸಕ್ರಪ್ಪ ಸಿಟ್ಟಿನಲ್ಲಿ ನೇಯ್ದರೆ ಚಾದರದ ಮೇಲೆ ತಂಬಿಗೆ ನೀರು ಸುರಿದರೂ ಹನಿ ಕೆಳಗಿಳಿಯದು. ಖುಷಿಯಲ್ಲಿ ನೇಯ್ದರೆ ಅದರಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯಬಹುದು. ಅದಕ್ಕೇ ಮೂರು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಬೈಗುಳ.

ಕನ್ನಡ ರಾಜ್ಯ ಒಂದಾಗಿ ಇನ್ನೂ ತಿಂಗಳಾಗಿರಲಿಲ್ಲ. ಅಂದು ಬೆಂಗಳೂರಿನಿಂದ ಸಾಹೇಬರೊಬ್ಬರು ಚಾದರ ನೋಡಲು ಬಂದಿದ್ದರು. ಒಪ್ಪಿದರೆ ಸರಕಾರಿ ದವಾಖಾನೆಗಳಿಗೆ ಮುನ್ನೂರು ಚಾದರದ ಆರ್ಡರು. ಒಪ್ಪದಿದ್ದರೆ ದೇವೇಂದ್ರಪ್ಪನ ಕುರ್ಚಿ ಹೋದಂತೆಯೇ ಎಂದು ಸಂಘದ ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು.

ಬಾಗಿಲಲ್ಲಿ ನಿಂತು ಬೈಗುಳ ಕೇಳಿದ ಸಾಹೇಬರು ಕೆಂಡವಾದರು. “ಏನ್ರೀ ಇದು? ಕೆಲಸಗಾರ ಸಂತೋಷವಾಗಿದ್ರೆ ತಾನೇ ಕೆಲಸ ಚೆನ್ನಾಗಿ ಆಗೋದು? ಮೊದಲು ಕ್ಷಮೆ ಕೇಳಿ! ಊಟ ಮುಗಿಸಿ ಬರ್ತೀನಿ, ಅಷ್ಟರಲ್ಲಿ ಇವರು ನಗ್ತಿರಬೇಕು.”

ದೇವೇಂದ್ರಪ್ಪ ಕೈಮುಗಿದ, ಬಿಸಿ ಮಿರ್ಚಿ ಭಜಿ ತರಿಸಿದ, ‘ನಿನ್ನಂಥ ನೇಕಾರ ಇಲ್ಲ’ ಎಂದು ಹೊಗಳಿದ. ಸಕ್ರಪ್ಪ ಬಿಸಿಲಿಗಿಟ್ಟ ಬೆಲ್ಲದಂತೆ ಕರಗಿದ. ಕೂಸಿನ ಬೆನ್ನು ತಟ್ಟಿದಂತೆ ಹಣಿಗೆ ತಟ್ಟುತ್ತ ಒಂದು ಮೊಳ ನೇಯ್ದ. ಬಟ್ಟೆಯಾಚೆ ಓಡಾಡುವ ಇರುವೆಗಳನ್ನು ಎಣಿಸಬಹುದಿತ್ತು.

ದೇವೇಂದ್ರಪ್ಪ ಗಡಬಡಿಸಿ ಮತ್ತೆ ಬೈಗುಳಕ್ಕೇ ಕೈ ಹಾಕಿದ. “ಲೇ, ನಿಮ್ಮ ಮಾವನ ಕೋಣ...”

“ಖರೆ ಐತ್ರಿ ಅಣ್ಣಾರ! ನಾಕು ದಿನ ಹಿಂಡಿ ನೋಡಿದ್ನಂತ!” ಸಕ್ರಪ್ಪ ಬಿದ್ದು ಬಿದ್ದು ನಕ್ಕ.

“ನಿನ್ನ ಹೆಂಡ್ತಿ ಅಮೃತವ್ವನ ರೊಟ್ಟಿ ಚಪ್ಪಲಿ ತೊಗಲು ಇದ್ದಂಗ ಇರ್ತಾವ!”

“ಎಷ್ಟು ದಿನ ಇಟ್ರೂ ಹಾಳಾಗಂಗಿಲ್ರಿ. ನಾಳೆ ನಿಮಗೂ ಎರಡು ತರ್ತೀನಿ.” ಆಮೇಲೆ ಸಕ್ರಪ್ಪ ಪ್ರೀತಿಯಿಂದಲೇ ಸೇರಿಸಿದ: “ನಿಮಗ ನೇಯೋದು ಬರಂಗಿಲ್ಲ, ಪಾಪ. ನೀವು ನೇಯ್ದ ಧೋತರ ಉಟ್ಟು ನಿಮ್ಮ ಬೀಗರು ಊಟಕ್ಕ ಕುಂತಾಗ ಫರ್ರ್ ಅಂತ ಹರೀತಲ್ರಿ, ಅದಕ್ಕ ನಿಮಗ ಈ ಕುರ್ಚಿ ಕೊಟ್ರು.”

ದೇವೇಂದ್ರಪ್ಪನ ಕಿವಿಗಳು ಒಣಮೆಣಸಿನಕಾಯಿಯಂತೆ ಕೆಂಪಾದವು. ಸಕ್ರಪ್ಪನನ್ನು ಪಕ್ಕಕ್ಕೆ ನೂಕಿ, ತೆಳು ನೇಯ್ಗೆಯನ್ನು ಬಿಚ್ಚಿ ಹಾಕಿ, ತಾನೇ ಮಗ್ಗಕ್ಕೆ ಕುಳಿತ. ಧಡ್! ಧಡ್!

ಊಟ ಮುಗಿಸಿ ಅಧ್ಯಕ್ಷರೊಂದಿಗೆ ಬಂದ ಸಾಹೇಬರು ಬಟ್ಟೆಯ ಮೇಲೆ ನೀರು ಸುರಿದರು. ಹನಿ ಇಳಿಯಲಿಲ್ಲ.

“ಇವರ ಮುಖ ನೋಡಿ, ಹೇಗೆ ಕೆಂಪಗೆ ಹೊಳೀತಿದೆ! ಸಂತೋಷ ಅಂದ್ರೆ ಇದು! ಇಂಥವರನ್ನ ಕುರ್ಚೀಲಿ ಕೂರಿಸಿ ಹಾಳು ಮಾಡಿದೀರಲ್ಲ? ಆರ್ಡರ್ ನಿಮಗೇ. ಆದರೆ ಮುನ್ನೂರು ಚಾದರಾನೂ ಇವರೇ ನೇಯಲಿ.”

ಅಧ್ಯಕ್ಷರು ತಲೆಯಾಡಿಸಿ ಕುರ್ಚಿಯನ್ನು ಒಳಗೆ ಎತ್ತಿಡಿಸಿದರು.

ಸಕ್ರಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. “ನೀವು ನಕ್ಕೊಂತ ನೇಯ್ರಿ ಅಣ್ಣಾರ. ನಿಮಗೂ ಬಿಸಿ ಮಿರ್ಚಿ ತರ್ತೀನಿ.”

ಹೋದ. ಸಂಜೆಯಾದರೂ ಮಿರ್ಚಿ ಬರಲಿಲ್ಲ. ಮರುದಿನವೂ ಸಕ್ರಪ್ಪ ಬರಲಿಲ್ಲ, ಆ ವಾರವೂ ಬರಲಿಲ್ಲ. ದೇವೇಂದ್ರಪ್ಪನನ್ನು ಬೈದು ಸಿಟ್ಟಿಗೆಬ್ಬಿಸುವವರು ಬೇಕಾಗಲೇ ಇಲ್ಲ. ಖಾಲಿ ಬಾಗಿಲ ಕಡೆ ಒಮ್ಮೆ ನೋಡಿದರೆ ಸಾಕು, ಧಡ್!