ತಲೆ ಬೀಳದ ಕಾಸು

ಇದನ್ನು ಬರೆಯಲು ಕೂತಾಗಲೆಲ್ಲ ಯಾರಾದರೂ ಬಂದು ಎಬ್ಬಿಸುತ್ತಾರೆ. ಈಗಷ್ಟೇ ಮತ್ತೆ ಎಬ್ಬಿಸಿದರು. ಮೊದಲು ನಮ್ಮೆಜಮಾನರು, ಒಗೆದ ಬನಿಯನ್ ಎಲ್ಲಿ ಎಂದು ಅದರ ಮೇಲೆ ಕೂತುಕೊಂಡೇ ಕೇಳಿದರು. ಆಮೇಲೆ ಮಗಳು ಬಂದು ತನ್ನ ಗೊಂಬೆಗೆ ಶೀತವಾಗಿದೆ ಎಂದು ತಿಳಿಸಿದಳು. ಅಷ್ಟರಲ್ಲಿ ಚಿಲ್ಲರೆ ಇಲಾಖೆಯ ತನಿಖಾಧಿಕಾರಿಗಳು ಹಾಲ್‌ನಿಂದ "ಅಮ್ಮಾ, ಕಾಸು ಬಿತ್ತು" ಎಂದು ಕರೆದರು. ಬಿದ್ದ ಕಾಸನ್ನು ಎತ್ತುವ ಅಧಿಕಾರ ನಿಯಮದ ಪ್ರಕಾರ ಅದರ ಒಡತಿಗೆ ಮಾತ್ರ ಇರುವುದರಿಂದ ಎದ್ದು ಹೋಗಿ ಎತ್ತಿಕೊಟ್ಟು ಬಂದೆ. ಹೂವೇ ಬಿದ್ದಿತ್ತು.

ನಮ್ಮ ಊರಿನಲ್ಲಿ ನಾಣ್ಯಗಳು ಪ್ರತಿ ಸಂಜೆ ವಾಯುವಿಹಾರ ಮಾಡುವುದು ಕಡ್ಡಾಯ. ಹೊಸಬರಿಗೆ ಇದು ಗೊತ್ತಿರಲಿಕ್ಕಿಲ್ಲವಾದ್ದರಿಂದ ವಿವರಿಸುತ್ತೇನೆ.

ನನಗೆ ನಾಣ್ಯ ಕೂಡಿಸುವ ಹವ್ಯಾಸವಿದೆ. ದುಡ್ಡಿದ್ದವರ ಹವ್ಯಾಸದ ಹಾಗಲ್ಲ. ನಾಣ್ಯದ ಮೇಲೆ ಎಷ್ಟು ಬರೆದಿದೆಯೋ ಅದಕ್ಕಿಂತ ಹೆಚ್ಚು ಕೊಡಬಾರದು ಎಂಬುದು ನನ್ನ ಕಟ್ಟುಪಾಡು. ತರಕಾರಿಯವನು ಕೊಡುವ ಚಿಲ್ಲರೆ, ಒಗೆಯುವ ಮುಂಚೆ ಯಜಮಾನರ ಅಂಗಿಯ ಜೇಬು, ಸೋಫಾದ ಸಂದಿ, ಇವೇ ನನ್ನ ಗಣಿಗಳು. ಸಿಕ್ಕಿದ್ದನ್ನು ಅತ್ತೆಯ ಖಾಲಿ ಮಾತ್ರೆ ಡಬ್ಬಿಯ ಖಾನೆಗಳಲ್ಲಿ ಇಸವಿ ಪ್ರಕಾರ ಜೋಡಿಸುತ್ತೇನೆ. ನಾಣ್ಯವನ್ನು ತೊಳೆಯಬಾರದು, ತೊಳೆದರೆ ಅದರ ಬೆಲೆ ಹೋಗುತ್ತದೆ. ಮನೆಯಲ್ಲಿ ತೊಳೆಯದೇ ಇಡಬಹುದಾದ ವಸ್ತು ಅದೊಂದೇ ಆದ್ದರಿಂದ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

ಅವುಗಳಲ್ಲಿ ಒಂದು ಕಾಸು ನನ್ನ ಪ್ರಾಣ. ಟಂಕಸಾಲೆಯಲ್ಲಿ ಯಾರೋ ತೂಕಡಿಸಿದ್ದರಿಂದ ಅದಕ್ಕೆ ಎರಡೂ ಕಡೆ ಹೂವಿನ ಅಚ್ಚೇ ಬಿದ್ದಿದೆ. ತಲೆ ಇಲ್ಲ. ಊಟವಾದ ಮೇಲೆ ಪಾತ್ರೆ ಯಾರು ತೊಳೆಯಬೇಕು ಎಂಬುದನ್ನು ನಮ್ಮನೆಯಲ್ಲಿ ಈ ಕಾಸನ್ನು ಚಿಮ್ಮಿ ತೀರ್ಮಾನಿಸುತ್ತೇವೆ. ತಲೆ ಬಿದ್ದರೆ ನಾನು, ಹೂವು ಬಿದ್ದರೆ ಯಜಮಾನರು. ಮದುವೆಯಾದಾಗಿನಿಂದ ಅವರೇ ತೊಳೆಯುತ್ತಿದ್ದಾರೆ. ತಮ್ಮ ಹಣೆಬರಹವೇ ಇಷ್ಟು ಎಂದು ಅವರು ಸಮಾಧಾನ ಮಾಡಿಕೊಂಡಿದ್ದಾರೆ. ಕಾಸನ್ನು ಒಮ್ಮೆ ಕೈಗೆತ್ತಿಕೊಂಡಿದ್ದರೆ ವಿಷಯ ತಿಳಿಯುತ್ತಿತ್ತು. ಆದರೆ ನೆಲಕ್ಕೆ ಬಿದ್ದದ್ದನ್ನು ಎತ್ತುವ ಅಭ್ಯಾಸ ಅವರಿಗಿಲ್ಲ.

ಹೀಗಿರುವಾಗ ಊರಿನಲ್ಲಿ ಚಿಲ್ಲರೆಗೆ ಬರ ಬಂತು. ಬಸ್ ಕಂಡಕ್ಟರ್ ಚಿಲ್ಲರೆಯ ಬದಲು ಪೆಪ್ಪರ್‌ಮಿಂಟು ಕೊಡತೊಡಗಿದ. ಔಷಧಿ ಅಂಗಡಿಯವನು ಗಾಯದ ಪಟ್ಟಿ ಕೊಟ್ಟ. ನನಗೆ ಗಾಯವಾಗಿಲ್ಲವಲ್ಲ ಎಂದರೆ, ಇಟ್ಟುಕೊಂಡಿರಿ, ಆಗುತ್ತೆ ಎಂದ.

ಚಿಲ್ಲರೆ ಇಲಾಖೆ ತನಿಖೆ ಕೈಗೊಂಡಿತು. ಇಲಾಖೆಯ ನೆಲಮಾಳಿಗೆಯಲ್ಲಿ ದಂಡದ ರೂಪದಲ್ಲಿ ಬಂದ ಚಿಲ್ಲರೆಯ ಮೂಟೆಗಳನ್ನು ಸೂರಿನ ತನಕ ಪೇರಿಸಿಟ್ಟಿದ್ದರು. ಅವು ಇಲಾಖೆಯ ಮೂಟೆಗಳೇ ಆದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಚಿನ್ನದ ನಾಣ್ಯ ಕೂಡಿಡುವ ದೊಡ್ಡವರ ಮನೆಗಳಿಗೂ ಹೋದರು. ಚಿನ್ನ ಚಿಲ್ಲರೆಯಲ್ಲ ಎಂದು ಮನವರಿಕೆಯಾಗಿ ಕ್ಷಮೆ ಕೇಳಿ ಬಂದರು. ಕೊನೆಗೆ ತಪ್ಪಿತಸ್ಥರು ಪತ್ತೆಯಾದರು. ಕಡಿಮೆ ಖರ್ಚಿನಲ್ಲಿ ನಾಣ್ಯ ಕೂಡಿಸುವವರು, ಅಂದರೆ ನಾನು, ಎದುರುಮನೆಯ ಟೈಲರ್, ಮತ್ತು ನಮ್ಮಂಥವರು. ಗೋಡೆಗಳ ಮೇಲೆ ಪ್ರಕಟಣೆ ಅಂಟಿಸಿದರು:

"ನಾಣ್ಯಗಳು ಸದಾಕಾಲ ಚಲಾವಣೆಯಲ್ಲಿರತಕ್ಕದ್ದು. ಚಲಾವಣೆಯಲ್ಲಿಲ್ಲದ ನಾಣ್ಯಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು. ಅಜ್ಞಾನವು ವಿನಾಯಿತಿಯಲ್ಲ."

ಟೈಲರ್ ಮತ್ತು ನಾನು ಇಲಾಖೆಗೆ ಹೋದೆವು. ತನಿಖಾಧಿಕಾರಿಗಳು ಒಳ್ಳೆಯ ಮನುಷ್ಯರು, ಕುರ್ಚಿ ಇಲ್ಲದಿದ್ದರೂ ಕೂತುಕೊಳ್ಳಿ ಎಂದರು. ನಾನು ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು, ತಿಳಿಯದ್ದನ್ನು ಕೇಳಲು ನನಗೆ ನಾಚಿಕೆಯಿಲ್ಲ.

"ಚಲಾವಣೆ ಅಂದರೆ ಏನು ಸಾರ್? ಖರ್ಚು ಮಾಡಿಬಿಡಬೇಕಾ?"

ಅವರು ಆದೇಶವನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಓದಿದರು. ಖರ್ಚು ಎಂಬ ಪದ ಅದರಲ್ಲಿ ಇರಲಿಲ್ಲ.

"ಚಲಾವಣೆ ಅಂದರೆ ಚಲಿಸೋದಮ್ಮ. ಒಂದೇ ಕಡೆ ಕೂತಿರಬಾರದು, ಅಷ್ಟೇ."

"ಹಾಗಾದರೆ ದಿನಾ ಸ್ವಲ್ಪ ಓಡಾಡಿಸಿಕೊಂಡು ಬಂದರೆ ಆಗುತ್ತಾ?"

ನಾನು ಕುಚೋದ್ಯಕ್ಕೆ ಕೇಳಿದ್ದೆ. ಅವರು ಬರೆದುಕೊಂಡರು.

ಮರುವಾರವೇ ನಿಯಮಾವಳಿ ಬಂತು. ಸಂಗ್ರಹದಲ್ಲಿರುವ ನಾಣ್ಯಗಳನ್ನು ದಿನಾ ಸಂಜೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿಕೊಂಡು ಹೋಗತಕ್ಕದ್ದು. ಅಂಗೈ ತೆರೆದಿರತಕ್ಕದ್ದು. ಜೇಬಿನಲ್ಲಿ ಹಾಕಿಕೊಂಡು ಹೋದರೆ ಚಲಿಸುವುದು ಜೇಬೇ ಹೊರತು ನಾಣ್ಯವಲ್ಲ. ಸವೆದ ನಾಣ್ಯಗಳಿಗೆ ವಯೋವೃದ್ಧರ ರಿಯಾಯಿತಿ ಉಂಟು, ಅವನ್ನು ತಳ್ಳುಗಾಡಿಯಲ್ಲಿ ಕೂರಿಸಬಹುದು. ವಾಯುವಿಹಾರದ ಶುಲ್ಕವನ್ನು ಚಿಲ್ಲರೆಯಲ್ಲೇ ಕಟ್ಟತಕ್ಕದ್ದು, ಕಚೇರಿಯಲ್ಲಿ ಚಿಲ್ಲರೆ ಸಿಗುವುದಿಲ್ಲ.

ನಾನು ಮಗಳ ತಳ್ಳುಗಾಡಿಯನ್ನು ಅಟ್ಟದಿಂದ ಇಳಿಸಿ ಮುದಿ ನಾಣ್ಯಗಳನ್ನು ಅದರಲ್ಲಿ ಮಲಗಿಸಿದೆ. ಟೈಲರ್ ತನ್ನ ನಾಣ್ಯಗಳನ್ನು ತಟ್ಟೆಯಲ್ಲಿ ಹರಡಿಕೊಂಡು ಬರುತ್ತಿದ್ದ. ಮೊದಮೊದಲು ಜನ ನಕ್ಕರು. ಆಮೇಲೆ ತಳ್ಳುಗಾಡಿಯೊಳಗೆ ಬಗ್ಗಿ ನೋಡಿ, ಯಾರನ್ನು ಹೋಲುತ್ತವೆ ಎಂದು ಕೇಳತೊಡಗಿದರು. ಶುಲ್ಕ ಕಟ್ಟಿ ಕಟ್ಟಿ ಊರಿನಲ್ಲಿದ್ದ ಮಿಕ್ಕ ಚಿಲ್ಲರೆಯೂ ನೆಲಮಾಳಿಗೆ ಸೇರಿತು. ಚಿಲ್ಲರೆ ಇನ್ನೂ ಕಡಿಮೆಯಾದದ್ದನ್ನು ಕಂಡ ಇಲಾಖೆ, ಯೋಜನೆಯನ್ನು ಬಿಗಿಗೊಳಿಸುವ ಅಗತ್ಯ ಇದರಿಂದ ಸಾಬೀತಾಯಿತು ಎಂದಿತು.

ಬಿಗಿಗೊಳಿಸಿದ್ದು ಹೀಗೆ. ವಾಯುವಿಹಾರದಲ್ಲಿ ನಾಣ್ಯಗಳು ಅದಲುಬದಲಾಗದಂತೆ ಪ್ರತಿಯೊಂದರ ತಲೆಯನ್ನೂ ಹೂವನ್ನೂ ಮನೆಗೇ ಬಂದು ದಾಖಲಿಸಿಕೊಳ್ಳುವುದು. ಎರಡರಲ್ಲಿ ಒಂದು ಇಲ್ಲದ್ದನ್ನು ಅಲ್ಲೇ ಮುಟ್ಟುಗೋಲು ಹಾಕುವುದು.

ಇದನ್ನು ಓದಿದೊಡನೆ ಡಬ್ಬಿಯಿಂದ ನನ್ನ ಕಾಸನ್ನು ತೆಗೆದೆ. ತಲೆಯಿಲ್ಲವೆಂದು ಗೊತ್ತಾದರೆ ಕಾಸೂ ಹೋಯಿತು, ಪಾತ್ರೆಗಳೂ ನನ್ನ ತಲೆಗೆ ಬಂದವು. ಬಚ್ಚಿಡೋಣವೆಂದರೆ ದಿನಾ ಸಂಜೆ ಅದನ್ನು ಇಡೀ ಬೀದಿಗೆ ತೋರಿಸಿದ್ದೆ, ಯಾವಾಗಲೂ ಒಂದೇ ಮಗ್ಗುಲಲ್ಲಿ.

ನನ್ನನ್ನು ಉಳಿಸಿದ್ದು ಆದೇಶವನ್ನು ಮುದ್ರಿಸಿದ ಅಚ್ಚಿನ ಮನೆ. "ಪರಿಶೀಲನೆಯ ವೇಳೆ ನಾಣ್ಯವನ್ನು ತಿರುಚಬಾರದು" ಎಂದಿರಬೇಕಾದಲ್ಲಿ "ತಿರುವಬಾರದು" ಎಂದು ಅಚ್ಚಾಗಿತ್ತು. ತಿರುವದೆ ಎರಡೂ ಮುಖ ನೋಡುವುದು ಹೇಗೆ? ಅದಕ್ಕೆ ಇಲಾಖೆ ದಾರಿ ಹುಡುಕಿತು. ನಾಣ್ಯವನ್ನು ಚಿಮ್ಮುವುದು, ಅದು ತಾನಾಗಿ ಯಾವ ಮುಖ ಮೇಲೆ ಮಾಡಿ ಬೀಳುತ್ತದೋ ಅದನ್ನು ಬರೆದುಕೊಳ್ಳುವುದು, ಎರಡೂ ಬೀಳುವ ತನಕ ಚಿಮ್ಮುವುದು. ಮಧ್ಯೆ ಎತ್ತಿಕೊಡುವುದು ಒಡೆಯರ ಕೆಲಸ. ಟೈಲರನ ನಾಣ್ಯಗಳೆಲ್ಲ ಒಂದು ಅಂಗಿಯ ಕಾಲರ್ ಹೊಲಿಯುವಷ್ಟರಲ್ಲಿ ಮುಗಿದವು.

ನಮ್ಮನೆಗೆ ತನಿಖಾಧಿಕಾರಿಗಳು ಬಂದಾಗ ಯಜಮಾನರೂ ಇದ್ದರು. ಮಿಕ್ಕವೆಲ್ಲ ಮುಗಿದು ಕೊನೆಗೆ ನನ್ನ ಕಾಸಿನ ಸರದಿ ಬಂತು. ನಾನು ಅದನ್ನು ಅಧಿಕಾರಿಗಳ ಹೆಬ್ಬೆರಳಿನ ಮೇಲಿಟ್ಟೆ. ಚಿಮ್ಮಿದರು. ಹೂವು.

ಯಜಮಾನರು ಎದ್ದು ಹೋಗಿ ಪಾತ್ರೆ ತೊಳೆದು ಬಂದರು.

ಮತ್ತೆ ಚಿಮ್ಮಿದರು. ಹೂವು. ಯಜಮಾನರು ಮತ್ತೆ ಎದ್ದರು. ತೊಳೆಯಲು ಏನೂ ಉಳಿದಿರಲಿಲ್ಲವಾದ್ದರಿಂದ ತೊಳೆದದ್ದನ್ನೇ ತೊಳೆದರು. ಕತ್ತಲಾಗುವ ಹೊತ್ತಿಗೆ ಅಧಿಕಾರಿಗಳ ಹೆಬ್ಬೆರಳು ಊದಿಕೊಂಡಿತು. ಔಷಧಿ ಅಂಗಡಿಯವನು ಕೊಟ್ಟಿದ್ದ ಪಟ್ಟಿ ತಂದು ನಾನೇ ಸುತ್ತಿದೆ.

"ಇಂಥ ಮೊಂಡು ನಾಣ್ಯ ನನ್ನ ಸರ್ವಿಸ್‌ನಲ್ಲೇ ನೋಡಿಲ್ಲಮ್ಮ" ಎಂದರು.

"ಅದರದ್ದೇನೂ ತಪ್ಪಿಲ್ಲ ಸಾರ್" ಎಂದರು ಯಜಮಾನರು, ಒದ್ದೆ ಕೈ ಒರೆಸಿಕೊಳ್ಳುತ್ತ. "ನಾನಿರೋ ಮನೆಯಲ್ಲಿ ತಲೆ ಬೀಳಲ್ಲ. ಬೇಕಿದ್ದರೆ ಇವಳನ್ನೇ ಕೇಳಿ."

ನಾನು ಹೌದೆಂದೆ. ಅದನ್ನು ಅಧಿಕಾರಿಗಳು ಸಾಕ್ಷಿಯ ಹೇಳಿಕೆಯಾಗಿ ಬರೆದುಕೊಂಡು ಮೇಲಕ್ಕೆ ಕಳಿಸಿದರು. ಮೇಲಧಿಕಾರಿಗಳಿಂದ ಉತ್ತರ ಬಂತು. ತಲೆ ಬೀಳುವವರೆಗೆ ಪರಿಶೀಲನೆ ಜಾರಿಯಲ್ಲಿದೆಯೆಂದೇ ಭಾವಿಸತಕ್ಕದ್ದು, ಪರಿಶೀಲನೆ ಜಾರಿಯಲ್ಲಿರುವ ನಾಣ್ಯವನ್ನು ಮುಟ್ಟುಗೋಲು ಹಾಕುವಂತಿಲ್ಲ, ಅಧಿಕಾರಿಯು ಕಚೇರಿಯ ವೇಳೆಯಲ್ಲಿ ಸ್ಥಳ ಬಿಟ್ಟು ಕದಲುವಂತಿಲ್ಲ.

ಅಂದಿನಿಂದ ತನಿಖಾಧಿಕಾರಿಗಳು ನಮ್ಮ ಹಾಲ್‌ನಲ್ಲಿದ್ದಾರೆ. ಬೆಳಿಗ್ಗೆ ಕಚೇರಿಯ ಹೊತ್ತಿಗೆ ಬಂದು ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಹೋಗುತ್ತಾರೆ. ಮೇಜು ಬಂತು, ಮೇಜಿನ ಮೇಲೆ ಹೆಸರಿನ ಹಲಗೆ ಬಂತು, ನಮ್ಮ ಮನೆಗೆ "ತಲೆ ಪರಿಶೀಲನಾ ಉಪಕಚೇರಿ" ಎಂಬ ಬೋರ್ಡು ಬಂತು. ಕಾಸು ಬೀಳುವಾಗ ಪೆಟ್ಟಾಗದಿರಲೆಂದು ಟೈಲರ್ ಒಂದು ಸಣ್ಣ ದಿಂಬು ಹೊಲಿದುಕೊಟ್ಟ. ಊರಿನಲ್ಲಿ ಅತಿ ಹೆಚ್ಚು ಚಲಾವಣೆಯಲ್ಲಿರುವ ನಾಣ್ಯವೆಂದು ಅದಕ್ಕೆ ಪ್ರಶಂಸಾಪತ್ರವೂ ಬಂದಿದೆ. ಬೀದಿಯವರು ತಮ್ಮ ಎಂಜಲು ಪಾತ್ರೆಗಳನ್ನು ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಾರೆ. ಹೇಗೂ ನಿಮ್ಮವರು ಎದ್ದೇ ಏಳುತ್ತಾರಲ್ಲ ಎನ್ನುತ್ತಾರೆ. ಯಜಮಾನರಿಗೂ ಈಗ ಊರಿನಲ್ಲಿ ಒಂದು ಮರ್ಯಾದೆ ಬಂದಿದೆ.

ಇದರಿಂದ ಬೇಸರಪಟ್ಟವರು ನಮ್ಮತ್ತೆ ಒಬ್ಬರೇ ಇರಬೇಕು ಎಂದುಕೊಂಡಿದ್ದೆ. ಮಗ ದಿನವಿಡೀ ಊರವರ ಪಾತ್ರೆ ತಿಕ್ಕುವುದನ್ನು ಯಾವ ತಾಯಿ ನೋಡುತ್ತಾಳೆ? ಅವರು ಮೂಲೆಯ ಕುರ್ಚಿಯಲ್ಲಿ ಕೂತು ಕಾಸು ಹಾರುವುದನ್ನೂ ಬೀಳುವುದನ್ನೂ ನೋಡುತ್ತಿದ್ದರು.

ನಿನ್ನೆ ಮಧ್ಯಾಹ್ನ ಅಧಿಕಾರಿಗಳು ಕೈತೊಳೆಯಲು ಹಿತ್ತಲಿಗೆ ಹೋಗಿದ್ದರು. ಯಜಮಾನರು ಒಳಗೆ ನಲ್ಲಿ ಬಿಟ್ಟುಕೊಂಡು ಮೂರನೇ ಮನೆಯವರ ಬಾಣಲೆ ಉಜ್ಜುತ್ತಿದ್ದರು. ಕಾಸು ದಿಂಬಿನ ಮೇಲೆ ಬಿದ್ದಿತ್ತು. ಎತ್ತಲು ನಾನು ಬರುವಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದರು. ಮಾವ ಪಕ್ಕದಲ್ಲೇ ಮಂಚದ ಮೇಲೆ ಕಾಲು ಚಾಚಿ ಪೇಪರ್ ಓದುತ್ತ, ಯಾರಿಗೆಂದು ಹೇಳದೆ, ಟೀ ಎಂದಷ್ಟೇ ಹೇಳಿದರು.

ಅತ್ತೆ ಕಾಸನ್ನು ಕೈಗೆತ್ತಿಕೊಂಡರು. ಈ ಕಡೆ ನೋಡಿದರು. ಮಗುಚಿ ಆ ಕಡೆ ನೋಡಿದರು. ಹೆಬ್ಬೆರಳಿನಿಂದ ಹೂವನ್ನು ಮೆಲ್ಲಗೆ ಸವರಿದರು. ಒಳಗೆ ಬಾಣಲೆ ಉಜ್ಜುವ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಅದನ್ನು ದಿಂಬಿನ ಮೇಲೆ ಇದ್ದ ಹಾಗೇ ಇಟ್ಟು, ಮಂಚದ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಈ ಕಾಸು ಎಲ್ಲಿತ್ತಮ್ಮ?"