ಅತ್ತೆಯ ಮನೆಯ ಐದನೇ ತುಂಡು

ನನ್ನ ಸೋದರತ್ತೆಗೆ ತಲೆ ಸರಿಯಿಲ್ಲ ಎಂದು ಮೊಳಕಾಲ್ಮೂರಿನಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ತಲೆ ಸರಿಯಾಗಿಯೇ ಇದೆ. ಅದರೊಳಗೆ ಭಿನ್ನರಾಶಿ ತುಂಬಿಕೊಂಡಿದೆ, ಅಷ್ಟೇ! ಟೀಚರ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ, ಮೇಲಿನ ಸಂಖ್ಯೆಯೇ ದೊಡ್ಡದಾಗಿರುವ ವಿಷಮ ಭಿನ್ನರಾಶಿ ಕಂಡರೆ, ಪೂರ್ಣವೆಷ್ಟು, ಉಳಿದದ್ದೆಷ್ಟು ಎಂದು ಬಿಡಿಸಿ ಅದನ್ನು ಮಿಶ್ರ ಮಾಡಿಸದೆ ಯಾರನ್ನೂ ಬಿಡುವವರಲ್ಲ.

ನನಗೆ ಹತ್ತು ವರ್ಷವಿದ್ದಾಗ ಅತ್ತೆ, ಮಾವನ ಜೊತೆ ಚಳ್ಳಕೆರೆ ಬಸ್ಸು ಹತ್ತಿದ್ದೆ. ಅತ್ತೆ ಕೇಳಿದ್ದು, “ಐದು ಅರ್ಧ ಟಿಕೆಟ್ ಕೊಡಪ್ಪಾ.”

ಕಂಡಕ್ಟರ್ ಸೀಟಿನಡಿ ಬಗ್ಗಿ ನೋಡಿದ. “ಉಳಿದ ಮಕ್ಳು ಎಲ್ಲವ್ರೆ ತಾಯಿ?”

“ಐದು ಬೈ ಎರಡು. ಪೂರ್ಣ ಎಷ್ಟು, ಉಳಿದಿದ್ದೆಷ್ಟು? ನೀನೇ ಹೇಳು!”

ಕಂಡಕ್ಟರ್ ಬೆರಳು ಮಡಚಿ ಎಣಿಸತೊಡಗಿದ. ಕೊನೆಗೆ ಡ್ರೈವರ್ ತಿರುಗಿ “ಎರಡೂವರೆ!” ಎಂದು ಕೂಗಿದ. ಅತ್ತೆ, ಮಾವ ಎರಡು ಪೂರ್ಣ ಟಿಕೆಟ್, ನಾನು ಅರ್ಧ. ಅವನಿಗೊಂದು ಪೆಪ್ಪರ್‌ಮೆಂಟು ಸಿಕ್ಕಿತು. ಕಂಡಕ್ಟರಿಗೆ ಸಿಗಲಿಲ್ಲ.

ಮಾವ ರೇಷ್ಮೆ ಸೀರೆ ನೇಯುವವರು. ಗಿರಾಕಿ ಬಂದು “ಎಷ್ಟು ಸೀರೆ ಆಗ್ಯಾವಕ್ಕಾ?” ಎಂದರೆ ಅತ್ತೆಯ ಉತ್ತರ, “ಏಳು ಬೈ ಮೂರು.” ಎರಡು ಸೀರೆ ಮಡಚಿಟ್ಟಿದೆ, ಮೂರನೆಯದು ಮಗ್ಗದ ಮೇಲೆ ಮೂರರಲ್ಲೊಂದು ಪಾಲು ಆಗಿದೆ ಎಂದು ಅರ್ಥ! ಪಾಪ, ಗಿರಾಕಿ ಸೀರೆ ಕೊಳ್ಳಲು ಬಂದವನೋ, ಪರೀಕ್ಷೆ ಬರೆಯಲು ಬಂದವನೋ?

ಮೊನ್ನೆ ಭಾನುವಾರ ನನ್ನ ಮಗಳನ್ನೂ ಅವರ ಮುಂದೆ ಕೂರಿಸಿದೆ. ಮಾರನೇ ದಿನ ಅವಳಿಗೆ ಪರೀಕ್ಷೆ. “ನಂಗೆ ಗಣಿತ ಬರಲ್ಲ” ಎಂದು ಅತ್ತು ಅತ್ತು ಮೂಗು ಕೆಂಪಾಗಿತ್ತು. ಅತ್ತೆ ರೊಟ್ಟಿಗಳನ್ನು ನಾಲ್ಕು ನಾಲ್ಕು ತುಂಡು ಮಾಡಿ, ಐದು ತುಂಡು ಅವಳ ತಟ್ಟೆಗೆ ಹಾಕಿ, ಎಷ್ಟು ರೊಟ್ಟಿಯಾಯಿತೆಂದು ಬರೆಯಲು ಹೇಳಿದರು. ಮಗಳು ನಾಲ್ಕನ್ನು ಜೋಡಿಸಿ, ಪುಸ್ತಕದಲ್ಲಿ ‘ಒಂದು’ ಎಂದು ಬರೆದು ಮುಚ್ಚಿಬಿಟ್ಟಳು.

“ಈ ತುಂಡು ಎಲ್ಲಿ ಹೋಯ್ತವ್ವಾ?”

“ಅದು ಉಳಿದಿದ್ದು ಅಜ್ಜಿ. ಬಿಟ್ಟೆ.”

ಬೈಗುಳ ಬಂತು ಎಂದೇ ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಬರಲಿಲ್ಲ.

“ನಿಮ್ಮಪ್ಪ ನಿನ್ನಷ್ಟಿದ್ದಾಗ ಅವ್ನವ್ವ ತೀರ್ಕೊಂಡ್ಲು. ನಮ್ಮನೀಗೆ ಬಂದ. ನಾವಿಬ್ರು, ನಮ್ ಹುಡುಗ್ರು ಇಬ್ರು. ನಾಲ್ಕು ತುಂಡಿಗೆ ರೊಟ್ಟಿ ಪೂರ್ತಿ ಆಗ್ತಿತ್ತು. ಇವ್ನು ಐದನೇಯವ್ನು. ಉಳಿದಿದ್ದು ಅಂತ ನಾನು ಬಿಟ್ಟೆನಾ? ಪಕ್ಕದಾಗೆ ಕೂರಿಸ್ಕೊಂಡೆ. ನೀನೂ ಹಂಗೇ ಪಕ್ಕದಾಗೆ ಬರಿ.”

ಮಗಳು ಪುಸ್ತಕ ತೆರೆದು, ಒಂದರ ಪಕ್ಕದಲ್ಲಿ ಪುಟ್ಟದಾಗಿ ‘ಒಂದು ಬೈ ನಾಲ್ಕು’ ಸೇರಿಸಿದಳು.

ಇಷ್ಟು ವರ್ಷ ಅತ್ತೆಯ ಲೆಕ್ಕಕ್ಕೆ ನಕ್ಕವನಿಗೆ ಅಂದು ಅಳು ಬಂತು. ಅತ್ತೆ ಅದನ್ನು ನೋಡಲೇ ಇಲ್ಲ. ಐದನೇ ತುಂಡನ್ನು ನನ್ನ ಕೈಗಿಟ್ಟರು.

“ತಿನ್ನೋ ಲೇ. ಆರೋಗ್ತೈತೆ.”