ಬಸವಕಲ್ಯಾಣದಲ್ಲಿ ಒಬ್ಬರು ಬಳಸುತ್ತಾರೆ

ಕಂಪ್ಯೂಟರಿನ ಒಳಗೆ ಸುಧಾರಣೆಯಾದಾಗಲೆಲ್ಲ ಹೊರಗೆ ಯಾರದೋ ಕೆಲಸ ನಿಲ್ಲುತ್ತದೆ. ಬಸವಕಲ್ಯಾಣ, ಹುಮನಾಬಾದ್ ನಡುವೆ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನ್ನ ಹೊಟ್ಟೆ ತುಂಬುತ್ತಿರುವುದು ಈ ನಿಯಮದಿಂದಲೇ. ಎಂ.ಎಸ್ಸಿ. ಓದಿದ್ದೇನೆ, ಇದುವರೆಗೆ ಯಾರೂ ಕೇಳಿಲ್ಲ.

೧. ಮುರಿದ ಸಂಬಂಧ

ಬಸವಕಲ್ಯಾಣದ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದಿದೆ. ಅಣ್ಣ ತಮ್ಮ ನಡೆಸುತ್ತಾರೆ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಪತ್ರಿಕೆ ಆಗುತ್ತದೆ. ಮಷೀನು ಅವರ ತಂದೆ ತಂದದ್ದು. ತಂದೆ ತೀರಿಹೋದರು. ಮಷೀನು ಮಾಡಿದ ಕಂಪನಿಯೂ ತೀರಿಹೋಯಿತು. ಮಷೀನು ಮಾತ್ರ ಹೊಸ ಪ್ರಿಂಟರುಗಳ ಗಂಟಲಲ್ಲಿ ಸಿಕ್ಕಿಕೊಳ್ಳುವ ದಪ್ಪ ಹಾಳೆಯನ್ನು ಈಗಲೂ ಸಲೀಸಾಗಿ ನುಂಗುತ್ತದೆ. ಅದನ್ನು ಕಂಪ್ಯೂಟರಿಗೆ ಜೋಡಿಸಲು ಒಳಗೊಂದು ಹಳೆಯ ಕಾರ್ಡು ಕೂರಿಸಿದ್ದಾರೆ.

ಒಂದು ದಿನ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಯಿತು. ಮಷೀನು ಮೌನವಾಯಿತು. ನನಗೆ ಕರೆ ಬಂತು.

"ಏನಾಗ್ಯಾದ ಸರ?" ಎಂದು ತಮ್ಮ ಕೇಳಿದರು.

"ಒಳಗ ಎಲ್ಲಾದಕ್ಕೂ ಯಜಮಾನ ಒಬ್ಬ ಇರ್ತಾನ, ಕರ್ನೆಲ್ ಅಂತ. ಅವನಿಗಿ ನಿಮ್ಮ ಮಷೀನಿನ ಮಾತು ತಿಳಿಯಂಗಿಲ್ಲ. ನಡುವ ದುಭಾಷಿ ಬೇಕು. ಅದಕ್ಕ ಡ್ರೈವರ್ ಅಂತಾರ. ಈಗ ಯಜಮಾನ ಹೊಸಬ ಬಂದಾನ, ದುಭಾಷಿ ಹಳಬ ಉಳಿದಾನ."

"ಅಂದ್ರ ಸಂಬಂಧ ಮುರೀತು."

"ಹೌದ್ರಿ."

ಅವರು ಸ್ವಲ್ಪ ಯೋಚಿಸಿ ಕೇಳಿದರು: "ಯಾರದರ ಹೆಸರು ಬಿಟ್ಟಿದ್ರೇನು?"

ಪತ್ರಿಕೆ ಮಾಡುವವರ ಅನುಭವದಲ್ಲಿ ಸಂಬಂಧ ಮುರಿಯುವುದಕ್ಕೆ ಬೇರೆ ಕಾರಣವಿಲ್ಲ. ಕಾಕಾನ ಹೆಸರು ಬಿಟ್ಟಿರಬೇಕು, ಇಲ್ಲವೇ ಮಾವನ ಹೆಸರಿನ ಕೆಳಗೆ ಹಾಕಿರಬೇಕು.

ತಮ್ಮನ ಮಗಳ ನಿಕಾಹ್ ಹತ್ತಿರ ಬಂದಿತ್ತು. ಅವಳ ಪತ್ರಿಕೆ ಅಬ್ಬಾನ ಮಷೀನಿನಲ್ಲೇ ಆಗಬೇಕೆಂದು ತಮ್ಮನ ಹಟ. ಅಣ್ಣ ಅಷ್ಟರಲ್ಲಿ ಗುಜರಿಯವನಿಗೆ ಫೋನ್ ಮಾಡಿ ಆಗಿತ್ತು. "ಶುಕ್ರವಾರ ಬರ್ತಾನ. ಭಂಗಾರ ಇಟ್ಕೊಂಡು ಏನ್ ಮಾಡ್ತೀರಿ?" ಎಂದರು.

ನಮ್ಮ ಕಡೆ ಭಂಗಾರ ಎಂದರೆ ಗುಜರಿ. ಅಣ್ಣ ಮಷೀನನ್ನು ಭಂಗಾರ ಅನ್ನುತ್ತಾರೆ, ತಮ್ಮ ಬಂಗಾರ ಅನ್ನುತ್ತಾರೆ. ಇಡೀ ಮನೆತನದ ಜಗಳ ಒಂದು ಮಹಾಪ್ರಾಣದ ಮೇಲೆ ನಿಂತಿತ್ತು.

೨. ಹಳೆಯದಾದ ಚಾಲಕ

ಕಾರ್ಡೇ ಸತ್ತಿದೆಯೋ, ಡ್ರೈವರ್ ಕೈಕೊಟ್ಟಿದೆಯೋ ತಿಳಿಯಬೇಕಾದರೆ ಹಳೆಯ ಕರ್ನೆಲ್ ಇರುವ ಕಂಪ್ಯೂಟರ್ ಬೇಕು. ಹುಮನಾಬಾದಿನ ಒಂದು ಶಾಲೆಯಲ್ಲಿ ಅಂಥದೊಂದಿತ್ತು. ಏನು ಮಾಡಿದರೂ ಅದು ಅಪ್‌ಡೇಟ್ ಆಗುವುದಿಲ್ಲ ಎಂದು ಹೆಡ್‌ಮೇಡಂ ಮೊದಲೇ ದೂರಿದ್ದರು. ಕಾರ್ಡನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಆ ಕಂಪ್ಯೂಟರಿಗೆ ಜೋಡಿಸಿದೆ. ಕಾರ್ಡು ಬದುಕಿತ್ತು. ಕೆಟ್ಟಿದ್ದು ಡ್ರೈವರೇ.

ಅದಿರಲಿ, ಈ ಕಂಪ್ಯೂಟರ್ ಯಾಕೆ ಅಪ್‌ಡೇಟ್ ಆಗಿಲ್ಲ ಎಂದು ನೋಡುತ್ತ ಕುಳಿತೆ. ಶಾಲೆಯ ಬಸ್ಸಿನ ಡ್ರೈವರ್ ಕೀಲಿ ತೆಗೆದುಕೊಳ್ಳಲು ಒಳಗೆ ಬಂದರು. ಕೀಲಿಯ ಮೊಳೆ ಇರುವುದು ಕಂಪ್ಯೂಟರಿನ ಹಿಂದಿನ ಗೋಡೆಗೆ. ಆಗಲೇ ಪರದೆಯ ಮೇಲೆ ಅಪ್ಪಟ ಕನ್ನಡದಲ್ಲಿ ಒಂದು ಸಂದೇಶ ಮೂಡಿತು: "ಚಾಲಕ ಹಳೆಯದಾಗಿದೆ. ಬದಲಾಯಿಸುವುದೇ?" ಕೆಳಗೆ ಎರಡು ಗುಂಡಿ: "ಹೌದು", "ಆಮೇಲೆ".

ಅವರು ನನ್ನ ಹೆಗಲ ಮೇಲಿಂದ ಕೈ ಚಾಚಿ "ಆಮೇಲೆ" ಒತ್ತಿದರು.

"ದಿನಾ ಒತ್ತಾಕತ್ತೀರೇನು?" ಎಂದೆ.

"ಮತ್ತೇನ್ ಮಾಡ್ಲಿ ಸರ? ಮೇಡಂ ನೋಡಿ ಹೌದು ಅಂದ್ರ ನನ್ನ ಗತಿ?"

ಅದು ಬೇರೆ ಚಾಲಕ, ಕಂಪ್ಯೂಟರಿನದು ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ತೆಗೀತಾರಂದ್ರ ತೆಗೀಲಿ ಸರ. ಹಳಬ ಆಗ್ಯಾನ ಅನ್ಲಿ. 'ಹಳೆಯದಾಗಿದೆ' ಅಂದ್ರೇನು? ನಾ ಏನ್ ಟೈರೇನ್ರಿ?"

ಆ ಅನುವಾದಕರು ಯಾರೋ ತಿಳಿಯದು. ಹುಮನಾಬಾದ್ ಕಡೆ ಬಾರದಿದ್ದರೆ ಅವರಿಗೇ ಒಳ್ಳೆಯದು.

೩. ಮನೆಮಂದಿ

ಕರ್ನೆಲ್ಲನ್ನು ನೋಡಿಕೊಳ್ಳುವವರು ಲೋಕದ ಮೂಲೆಮೂಲೆಯಲ್ಲಿದ್ದಾರೆ. ಮಾತೆಲ್ಲ ಇಮೇಲಿನಲ್ಲಿ. ಅಂಗಡಿಯ ಕಾರ್ಡಿನ ಡ್ರೈವರ್ ನೋಡಿಕೊಳ್ಳುವವರಿಗೆ ಕೆಟ್ಟಿರುವುದನ್ನು ಬರೆದೆ. ಉತ್ತರ ಬಂತು: ಇಷ್ಟು ಕಾಲ ಯಾರೂ ದೂರಿಲ್ಲ, ಆದ್ದರಿಂದ ಬಳಸುವವರೇ ಉಳಿದಿಲ್ಲವೆಂದು ತಿಳಿದಿದ್ದೇವೆ, ಡ್ರೈವರನ್ನೇ ತೆಗೆದುಹಾಕುತ್ತಿದ್ದೇವೆ.

ತಮ್ಮನಿಗೆ ಓದಿ ಹೇಳಿದೆ.

"ನಾ ಇಲ್ಲಂತೇನು?"

"ನಿಮ್ಮ ವಿಷಯ ಅವರಿಗಿ ಗೊತ್ತಿಲ್ಲ."

"ಹಾಗಾದ್ರ ತಿಳಿಸ್ರಿ."

"ಬಸವಕಲ್ಯಾಣದಲ್ಲಿ ಒಬ್ಬರು ಬಳಸುತ್ತಾರೆ" ಎಂದು ಬರೆದೆ. ಪುರಾವೆಗೆ ಫೋಟೋ ಕಳಿಸಿ ಎಂದರು.

ಫೋಟೋ ತೆಗೆಯುವ ಕೆಲಸ ಅಂಗಡಿಯವರಿಗೆ ಬಿಟ್ಟೆ. ಅವರು ಕಳಿಸಿದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸಿದೆ. ಆಮೇಲೆ ತೆರೆದು ನೋಡಿದೆ. ಅಣ್ಣ ಶೇರ್ವಾನಿ ತೊಟ್ಟು ನಡುವೆ ನಿಂತಿದ್ದರು, ಗುಜರಿಯವನನ್ನು ಕರೆದ ಅದೇ ಅಣ್ಣ. ಪಕ್ಕದಲ್ಲಿ ತಮ್ಮ, ಮದುಮಗಳು, ಎರಡೂ ಮನೆಯ ಮಕ್ಕಳು ಸಾಲಾಗಿ ನಿಂತಿದ್ದರು.

ಉತ್ತರ ಬೇಗ ಬಂತು: "ಮನೆಮಂದಿ ಲಕ್ಷಣವಾಗಿದ್ದಾರೆ. ಮಷೀನು ಎಲ್ಲಿದೆ?"

೪. ಮೊದಲ ಹೆಸರು

ಮಷೀನಿನ ಚಿತ್ರವೂ ಹೋಯಿತು. ಆ ಪುಣ್ಯಾತ್ಮರು ಡ್ರೈವರನ್ನು ದುರಸ್ತಿ ಮಾಡಿ, ಪರೀಕ್ಷಿಸಿ ಹೇಳಿ ಎಂದು ಕಳಿಸಿದರು. ಅಂದು ಗುರುವಾರ. ಮರುದಿನ ಗುಜರಿಯವನು ಬರುವವನಿದ್ದ.

ಪರೀಕ್ಷೆಗೆ ತಮ್ಮ ಇಟ್ಟದ್ದು ಮಗಳ ಪತ್ರಿಕೆಯನ್ನೇ. ಮಷೀನು ಕೆಮ್ಮಿತು, ನಡುಗಿತು, ದಪ್ಪ ಹಾಳೆಯನ್ನು ಒಳಗೆಳೆದುಕೊಂಡು ಹುಡುಗಿಯ ಹೆಸರಿನ ಸಮೇತ ಹೊರಗೆ ಹಾಕಿತು. ತಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಓದುವಷ್ಟು ಅದರಲ್ಲಿ ಬರೆದಿರಲಿಲ್ಲ.

ಸರಿಯಾಗಿದೆ ಎಂದು ಬರೆದೆ. ಪರೀಕ್ಷಿಸಿದವರ ಹೆಸರು ಕೊಡಿ, ಕರ್ನೆಲ್ಲಿನ ದಾಖಲೆಯಲ್ಲಿ ಸೇರಿಸುತ್ತೇವೆ, ಅದು ಕಾಯಂ ಇರುತ್ತದೆ ಎಂದು ಉತ್ತರ ಬಂತು.

"ನಿಮ್ಮ ಹೆಸರು ಹಾಕ್ಲಿ?" ಎಂದು ತಮ್ಮನನ್ನು ಕೇಳಿದೆ.

"ಭಾಯಿನ್ನ ಬಿಟ್ಟು ನಂದೊಂದೇ ಹ್ಯಾಂಗ ಹಾಕ್ತೀರಿ? ಭಾಯಿ ಹೆಸರು ಮ್ಯಾಲೆ ಬರಬೇಕು. ಅದರ ಮ್ಯಾಲೆ ಅಬ್ಬಾಂದು. ಜೀವಮಾನ ಎಲ್ಲಾ ಟೆಸ್ಟ್ ಮಾಡ್ದವರು ಅವರು. ಮುಂದ ಮರ್ಹೂಮ್ ಅಂತ ಹಾಕ್ರಿ, ಮರೀಬ್ಯಾಡ್ರಿ."

ಮರ್ಹೂಮ್ ಎಂದರೆ ದಿವಂಗತ. ಪತ್ರಿಕೆಯವರ ಜೊತೆ ಹೆಸರಿನ ವಿಷಯದಲ್ಲಿ ವಾದ ಮಾಡಬಾರದು. ಹೇಳಿದ ಹಾಗೆಯೇ ಮೂರೂ ಹೆಸರು ಬರೆದೆ. ಅಣ್ಣ ಎಲ್ಲ ಕೇಳಿಸಿಕೊಂಡು ಫೋನ್ ತೆಗೆದು ಗುಜರಿಯವನಿಗೆ ಹೇಳಿದರು: "ನಾಳೆ ಬರಬ್ಯಾಡ. ಒಳಗ ನಮ್ಮ ಹೆಸರು ಬರಾಕತ್ತಾವ."

ಉತ್ತರ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ದುರಸ್ತಿ ಒಪ್ಪಿದ್ದೇವೆ, ಡ್ರೈವರ್ ಇನ್ನು ತೆಗೆಯುವುದಿಲ್ಲ. ಒಂದೇ ತೊಡಕು: ಮೊದಲ ಹೆಸರಿನ ಶ್ರೀ ಮರ್ಹೂಮ್ ಅವರ ಇಮೇಲ್ ವಿಳಾಸ ಇಲ್ಲ, ಅವರೇ ಒಂದು ಸಾಲು ಬರೆದು ಖಚಿತಪಡಿಸಲಿ.

ಓದಿ ಹೇಳಿದೆ. ಅಣ್ಣ ಪತ್ರಿಕೆ ಮಡಿಚುತ್ತಲೇ ಹೇಳಿದರು: "ಅಬ್ಬಾ ಈಗ ಕವರೇಜ್ ಹೊರಗ ಅದಾರ ಅಂತ ಬರೀರಿ."

ಹೇಳಿದ್ದನ್ನೇ ಬರೆದೆ. ಚಹಾ ಬರುವಷ್ಟರಲ್ಲಿ ಉತ್ತರ ಬಂತು: "ಅವಸರವಿಲ್ಲ. ಮರ್ಹೂಮ್ ಅವರು ಕವರೇಜಿಗೆ ಮರಳಿದ ಮೇಲೆ ಬರೆಯಲಿ. ಕಾಯುತ್ತೇವೆ."

ಅಣ್ಣ ಮಡಿಚುವುದನ್ನು ನಿಲ್ಲಿಸಿದರು.

"ಕಾಯಬ್ಯಾಡ್ರಿ ಅಂತ ಹೇಳ್ರಿ ಸರ. ಅವರು ಬರಂಗಿಲ್ಲ. ನಾವೇ ಹೋಗ್ತೀವಿ. ಆದ್ರ ಅವಸರ ನಮಗೂ ಇಲ್ಲ."